‘ಇಲ್ವಾ?’ ಅಂದರೆ ‘ಹೌದು’

ಅಮೆರಿಕದ ಪ್ಲೇನ್ಸ್‌ಬರೋದ ಆ ಅಪಾರ್ಟ್‌ಮೆಂಟುಗಳ ಸಾಲಿನಲ್ಲಿ ಪಂಕಜಕ್ಕನ ಬಗ್ಗೆ ಒಂದು ಮಾತು ಓಡಾಡುತ್ತಿತ್ತು. “ಅವರ ಮನೆಗೆ ಹೋಗೋದಾದ್ರೆ ಉಂಡ್ಕೊಂಡೇ ಹೋಗಿ. ‘ಊಟ ಆಗಿಲ್ಲೇನ್ರಿ?’ ಅಂತಾರೆ. ನೀವು ಮರೆತು ‘ಯೆಸ್’ ಅಂದ್ರೋ, ಹಾಕಿದ ತಟ್ಟೆ ಎತ್ತಿ ಒಳಗಿಡ್ತಾರೆ!”

ಈ ಮಾತು ಹುಟ್ಟಿಸಿದವಳು ಎದುರುಮನೆಯ ಕೆಂಪಮ್ಮ. ಮಂಡ್ಯದವಳು, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಮುಂದೆ ಅವಳು ಬೆಲ್‌ರೋಸಿಗೆ ಹೋಗಿ ಹಿಲ್‌ಸೈಡ್ ಅವೆನ್ಯೂದಲ್ಲಿ ಚಪಾತಿ, ಹೋಳಿಗೆ ಮಾಡಿ ಮಾರುವ ಅಡುಗೆಮನೆ ಇಟ್ಟಳು. ಅವಳು ಹೋದರೂ ಮಾತು ಉಳಿಯಿತು. ಮಕ್ಕಳದು ಇನ್ನೊಂದು ಕಥೆ. ಪಂಕಜಾ ಆಂಟಿಯ ಮನೆಯ ಕ್ಲಾಸೆಟ್ಟಿನಲ್ಲಿ, ಅಂದರೆ ಬಟ್ಟೆ ತೂಗುಹಾಕುವ ಪುಟ್ಟ ಕೋಣೆಯಲ್ಲಿ, ಒಬ್ಬ ಹೆಂಗಸು ಇದ್ದಾಳೆ, ಅವಳು ದಿನವಿಡೀ ಸೀರೆಗಳ ಜೊತೆ ಇಂಗ್ಲಿಷ್ ಮಾತಾಡುತ್ತಾಳೆ ಎಂದು ಅವರು ನಂಬಿದ್ದರು.

ಮಕ್ಕಳು ಹೇಳಿದ್ದು ಸುಳ್ಳೇನಲ್ಲ. ಪಂಕಜಾ ಧಾರವಾಡದವಳು, ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು. ಹತ್ತಿರದ ಒಂದು ಯೂನಿವರ್ಸಿಟಿಯಲ್ಲಿ ಇಂಗ್ಲಿಷ್ ಪರೀಕ್ಷೆಗಳನ್ನು ತಯಾರಿಸುವ ವಿಭಾಗದಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ. ಚೀನೀ ಭಾಷೆಯಾಡುವ ನಾಡುಗಳಿಂದ ಪಿಎಚ್‌.ಡಿ.ಗೆಂದು ಬಂದ ಹುಡುಗ ಹುಡುಗಿಯರು ಇಲ್ಲಿಯ ತರಗತಿಗಳಲ್ಲಿ ನಿಂತು ಪಾಠ ಮಾಡಬೇಕಾದರೆ ಆ ಪರೀಕ್ಷೆ ದಾಟಬೇಕು. ಮೊದಲು ಓದಿ ಉತ್ತರಿಸುವುದು, ಆಮೇಲೆ ಕೇಳಿ ಉತ್ತರಿಸುವುದು, ಒಟ್ಟು ಅರವತ್ತು ಪ್ರಶ್ನೆ. ದಾಟಲು ನಲವತ್ತೆಂಟು ಸರಿಯಾಗಬೇಕು. ಕೇಳುವ ಭಾಗದ ಪ್ರಶ್ನೆ ಬರೆಯುವವಳೂ ಪಂಕಜಾ, ಅದರಲ್ಲಿಯ ಹೆಣ್ಣುದನಿಯೂ ಪಂಕಜಾಳದೇ. ಇಳಕಲ್ ಸೀರೆಗಳು ಸಾಲಾಗಿ ತೂಗಿದ ಕ್ಲಾಸೆಟ್ಟಿನ ಬಾಗಿಲು ಮುಚ್ಚಿಕೊಂಡರೆ ದನಿ ಒಂದಿಷ್ಟೂ ಮಾರ್ದನಿಗೊಳ್ಳುತ್ತಿರಲಿಲ್ಲ. ಯೂನಿವರ್ಸಿಟಿಯ ಸ್ಟುಡಿಯೋಕ್ಕಿಂತ ಸೀರೆಯ ನಡುವೆಯೇ ಒಳ್ಳೆಯ ರೆಕಾರ್ಡಿಂಗ್ ಬರುತ್ತದೆ ಎಂದು ಅಲ್ಲಿಯವರೇ ಒಪ್ಪಿದ್ದರು.

ಇನ್ನು ‘ಯೆಸ್’ ಕಥೆ. ಅದು ಗ್ರೀನ್‌ಕಾರ್ಡಿನ ಇಂಟರ್‌ವ್ಯೂ ದಿನದ್ದು. ಗಂಡ ದಿವಾಕರ, ಮೈಸೂರಿನವನು, ಪಾರ್ಸಿಪನಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿದ್ದವನು. ಅಧಿಕಾರಿ ಕೇಳಿದ, “ನೀವು ಯಾವತ್ತೂ ಜೈಲಿಗೆ ಹೋಗಿಲ್ಲವೆ?” ದಿವಾಕರ ತುಂಬು ವಿನಯದಿಂದ “ಯೆಸ್, ಯೆಸ್” ಎಂದ. ಅಧಿಕಾರಿಯ ಪೆನ್ನು ಅಲ್ಲೇ ನಿಂತಿತು. ಪಂಕಜಾ ಕುರ್ಚಿಯಿಂದ ಎದ್ದು, “ನೋ! ಅವರು ಹೇಳುವ ಯೆಸ್ ಅಂದರೆ ನೋ!” ಎಂದು ಕೂಗಿದಳು. ನಮ್ಮ ಮಾತಿನಲ್ಲಿ ‘ಹೋಗಿಲ್ವಾ?’ ಎಂದರೆ ‘ಹೌದು, ಹೋಗಿಲ್ಲ’. ಇಂಗ್ಲಿಷಿನಲ್ಲಿ ಹೋಗಿಲ್ಲದವನು ‘ನೋ’ ಎನ್ನಬೇಕು. ಕಾರ್ಡು ಬಂತು, ಆದರೆ ದಿವಾಕರನಿಗೆ ‘ಜೈಲಿಗೆ ಹೋಗಿಬಂದವನು’ ಎಂಬ ಅಡ್ಡಹೆಸರು ಅಂಟಿತು. ಅಂದಿನಿಂದ ಯಾರಿಗೇ ಇಂಟರ್‌ವ್ಯೂ ಇರಲಿ, ಹಿಂದಿನ ಸಂಜೆ ಪಂಕಜಾಳ ಮನೆಯಲ್ಲಿ ಪಾಠ.

“ಕೇಳಿದ ಪ್ರಶ್ನೆಗೆ ತಲೆ ಆಡಿಸಬ್ಯಾಡ್ರಿ. ನಡೆದ ಸಂಗತಿಗೆ ತಲೆ ಆಡಿಸ್ರಿ. ಆಗ್ಯದ, ಯೆಸ್. ಆಗಿಲ್ಲ, ನೋ. ತಿಳೀತಿಲ್ಲೋ?”

“ಯೆಸ್,” ಎನ್ನುತ್ತಿದ್ದ ದಿವಾಕರ ಮೂಲೆಯಿಂದ, ಬೇಕೆಂದೇ.

“ಸುಮ್ನ ಕೂಡ್ರಿ ನೀವು, ಜೈಲಿನವರು.”

ಅವನಿಗೆ ಹೇಳಿದಷ್ಟೂ ಸಾಲದ ಒಂದು ಹಾಸ್ಯವಿತ್ತು. “ಹೆಣ್ಣು ನೋಡೋಕೆ ಹೋದಾಗ ಇವರಪ್ಪ ಕೇಳಿದ್ರು, ‘ಹುಡುಗ ಮನಸ್ಸಿಗೆ ಬಂದಿಲ್ಲೇನವ್ವ?’ ಅಂತ. ಇವಳು ‘ಹೂಂ’ ಅಂದ್ಳು. ಪುಣ್ಯಕ್ಕೆ ನಾನು ಅದನ್ನ ಇಂಗ್ಲಿಷಲ್ಲಿ ಕೇಳಿಸ್ಕೊಂಡೆ!”

ಹೀಗೆ ಊರಿಗೆಲ್ಲ ‘ಯೆಸ್’ ‘ನೋ’ ಕಲಿಸಿದ ಹೆಂಗಸು ಅದೇ ಕಲ್ಲಿಗೆ ಎಡವಿ ಬಿದ್ದಳು.

ದಿವಾಕರನಿಗೆ ರಕ್ತದ ಕಾಯಿಲೆ ಬಂತು. ಅದಕ್ಕೆ ಮೊದಲೇ ಕಂಪನಿ ಅವನನ್ನು ಮನೆಗೆ ಕಳಿಸಿಯಾಗಿತ್ತು. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ನಾಲ್ಕು ಗಂಟೆ ಔಷಧಿ ಇಳಿಸಬೇಕು. ಆ ಔಷಧಿ ಸಿಗುತ್ತಿದ್ದುದು ಪಂಕಜಾಳ ಕೆಲಸದ ಜೊತೆಗೆ ಬಂದ ಇನ್ಶೂರೆನ್ಸಿನಿಂದ. ಅಮೆರಿಕದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅವಳ ಕೆಲಸ ನಿಂತರೆ ಅವನ ಬಾಟಲಿ ನಿಲ್ಲುತ್ತದೆ.

ಬಾಟಲಿಯ ಪಕ್ಕದ ಕುರ್ಚಿಯಲ್ಲೇ ಕೂತು ಅವಳು ಪ್ರಶ್ನೆ ಬರೆಯುತ್ತಿದ್ದಳು. ಆ ದಿನ ಮೂವತ್ತೊಂದನೆಯ ಪ್ರಶ್ನೆಗೆ ಏನೂ ಹೊಳೆಯುತ್ತಿರಲಿಲ್ಲ. ದಿವಾಕರ ಕಣ್ಣು ತೆರೆದು ಕೇಳಿದ, “ಇನ್ಶೂರೆನ್ಸ್ ಕಾಗದಕ್ಕೆ ಡಾಕ್ಟ್ರ ಸಹಿ ಇನ್ನೂ ಸಿಕ್ಕಿಲ್ವಾ?”

“ಹೂಂ. ಆಫೀಸ್ ನಾಲ್ಕಕ್ಕ ಮುಚ್ಚತದ,” ಎಂದು ಗಡಿಯಾರ ನೋಡಿದಳು. ನೋಡುತ್ತಲೇ ಬೆರಳು ಆ ಮಾತನ್ನು ಹಾಗೆಯೇ ಬರೆದುಕೊಂಡಿತು. ಡಾಕ್ಟರು ಪ್ರೊಫೆಸರ್ ಆದರು, ‘ಹೂಂ’ ಎಂಬುದು ‘ಯೆಸ್’ ಆಯಿತು. ಗಂಡಸಿನ ದನಿ: ಪ್ರೊಫೆಸರರ ಸಹಿ ಇನ್ನೂ ಸಿಕ್ಕಿಲ್ಲವೆ? ಹೆಂಗಸಿನ ದನಿ: ಯೆಸ್. ಆಫೀಸು ನಾಲ್ಕಕ್ಕೆ ಮುಚ್ಚುತ್ತದೆ. ಹೆಂಗಸಿಗೆ ಸಹಿ ಸಿಕ್ಕಿದೆಯೋ, ಇಲ್ಲವೋ? ಸರಿಯುತ್ತರ: ಇಲ್ಲ.

ಹತ್ತೊಂಬತ್ತು ವರ್ಷದ ಪಾಠವೆಲ್ಲ ಆ ಕ್ಷಣ ಎಲ್ಲಿ ಹೋಗಿತ್ತು ಎಂದು ಆಮೇಲೆ ಅವಳು ಎಷ್ಟೋ ಸಲ ಕೇಳಿಕೊಂಡಳು. ದುಗುಡದಲ್ಲಿರುವ ಮನುಷ್ಯ ಅವ್ವನ ಭಾಷೆಯಲ್ಲೇ ಉಸಿರಾಡುತ್ತಾನೆ, ಇನ್ನೇನು. ಪ್ರಶ್ನೆಗಳನ್ನು ಮರಳಿ ನೋಡಬೇಕಾದವನು ಜೊತೆಗಾರ ಸುಮೀತ್, ದಿಲ್ಲಿಯವನು. ಅವನ ಕಿವಿಗೂ ಆ ‘ಯೆಸ್’ ನೆಟ್ಟಗೇ ಕೇಳಿಸಿತು, ಅವರ ಹಿಂದಿಯಲ್ಲೂ ಅದು ಹಾಗೆಯೇ. ಪರೀಕ್ಷೆ ಬರೆದ ಚೀನೀ ಮಕ್ಕಳ ಮಾತಿನಲ್ಲೂ ಅದು ಹಾಗೆಯೇ. ನೂರಕ್ಕೆ ಎಂಬತ್ತೊಂದು ಮಂದಿ ‘ಇಲ್ಲ’ ಎಂದೇ ಗುರುತು ಹಾಕಿದರು. ಬರೆದವರು, ನೋಡಿದವರು, ಉತ್ತರಿಸಿದವರು ಎಲ್ಲರೂ ಸೇರಿ ತಪ್ಪನ್ನು ಸರಿ ಮಾಡಿಬಿಟ್ಟರು. ಆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಇಂಗ್ಲಿಷಿಗೇ ಹುಟ್ಟಿದ ಕಿವಿ ಒಂದೂ ಇರಲಿಲ್ಲ.

ಡಿಸೆಂಬರಿನ ಮೊದಲ ವಾರ ಪಂಕಜಾ ‘ರೂಟ್ ಒನ್’ ಹೆದ್ದಾರಿಯ ಬದಿಯ ಚೀನೀ ಅಂಗಡಿಗೆ ಹಾಗಲಕಾಯಿ ತರಲು ಹೋದಳು. ಅಲ್ಲಿದ್ದುದು ಬಿಳಿಚಿಕೊಂಡ, ಉದ್ದನೆಯ, ನುಣುಪು ಹಾಗಲ. ಕಾಯಿ ಜೋಡಿಸುತ್ತಿದ್ದ ಮುದುಕನನ್ನು ಇಂಗ್ಲಿಷಿನಲ್ಲಿ ಕೇಳಿದಳು, “ಸಣ್ಣದು, ಮುಳ್ಳಿನದು ಇಲ್ಲವೆ?”

“ಯೆಸ್,” ಎಂದ ಮುದುಕ, ತಲೆಯಾಡಿಸಿ.

ಇಲ್ಲ ಎಂದು ಅರ್ಥಮಾಡಿಕೊಂಡು ಅವಳು ಬಿಳಿಯದನ್ನೇ ಕೈಗೆತ್ತಿಕೊಂಡಳು. ಎತ್ತಿಕೊಂಡವಳ ಕೈ ಅಲ್ಲೇ ನಿಂತಿತು. ಮುದುಕ ಹೇಳಿದ್ದು ‘ಯೆಸ್’. ತಾನು ಕೇಳಿಸಿಕೊಂಡದ್ದು ‘ಇಲ್ಲ’. ಎಲ್ಲೋ ಏನೋ ತಪ್ಪಿದೆ ಅನ್ನಿಸಿತು, ಆದರೆ ಅದು ಏನೆಂದು ಹಿಡಿಯುವ ಮೊದಲೇ ಪಕ್ಕದಿಂದ ಒಂದು ದನಿ ಬಂತು.

“ನೀವು... ನೀವು ಟೆಸ್ಟಿನ ಹೆಂಗಸು.”

ತೆಳ್ಳಗಿನ ಹುಡುಗಿ. ಕೈಯಲ್ಲಿ ಈರುಳ್ಳಿದಂಟಿನ ಕಟ್ಟು. ಹೆಸರು ಮಿನ್, ರಸಾಯನಶಾಸ್ತ್ರದ ವಿದ್ಯಾರ್ಥಿನಿ. ಇರುವುದು ಇದೇ ಅಪಾರ್ಟ್‌ಮೆಂಟುಗಳ ಹಿಂದಿನ ಸಾಲಿನಲ್ಲಿ ಎಂದು ಆಮೇಲೆ ತಿಳಿಯಿತು. ಪಂಕಜಾಳ ದನಿಯನ್ನೇ ಎರವಲು ಪಡೆದಂತೆ, ಏರು ಇಳಿವು ಒಂದೂ ತಪ್ಪದೆ ಹುಡುಗಿ ಹೇಳಿದಳು, “ಯೆಸ್. ಆಫೀಸು ನಾಲ್ಕಕ್ಕೆ ಮುಚ್ಚುತ್ತದೆ.”

ಅವಳಿಗೆ ಬಂದದ್ದು ನಲವತ್ತೇಳು. ಒಂದು ಕಡಿಮೆ. ದಾಟದವರಿಗೆ ಕಳಿಸುವ ಹಾಳೆಯಲ್ಲಿ ‘ಮೂವತ್ತೊಂದು: ಮಾತಿನ ಒಳಾರ್ಥ ತಿಳಿಯುವಲ್ಲಿ ದುರ್ಬಲ’ ಎಂದಿತ್ತು. ಮರುಎಣಿಕೆ ಕೇಳಿದ್ದಳು, ಬದಲಾವಣೆಯಿಲ್ಲ ಎಂದು ಉತ್ತರ ಬಂದಿತ್ತು. ಹದಿನೈದನೆಯ ತಾರೀಕು ಶುಕ್ರವಾರ ಅವಳ ವಿಭಾಗದವರು ಮುಂದಿನ ಸೆಮಿಸ್ಟರಿನ ಪಾಠ ಮಾಡುವ ಕೆಲಸಗಳನ್ನು ಹಂಚುತ್ತಾರೆ. ಅದರಲ್ಲಿ ಹೆಸರಿಲ್ಲದಿದ್ದರೆ ಸ್ಕಾಲರ್‌ಶಿಪ್ ಇಲ್ಲ, ಸ್ಕಾಲರ್‌ಶಿಪ್ ಇಲ್ಲದಿದ್ದರೆ ವೀಸಾ ಇಲ್ಲ.

“ನಮ್ಮ ಮಾತಲ್ಲಿ ಆ ಯೆಸ್ ಅಂದರೆ ಸಹಿ ಸಿಕ್ಕಿಲ್ಲ ಅಂತ,” ಎಂದಳು ಮಿನ್. “ಬಂದ ಹೊಸದರಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಜನವರಿಯಲ್ಲಿ ಹೀಟರ್ ಕೆಟ್ಟಿತ್ತು. ಅಪಾರ್ಟ್‌ಮೆಂಟಿನ ಆಫೀಸಿನವರು ಫೋನಿನಲ್ಲಿ ‘ಹೀಟ್ ಬರುತ್ತಿಲ್ಲವೆ?’ ಅಂದರು. ‘ಯೆಸ್’ ಅಂದೆ. ‘ಗುಡ್’ ಅಂದು ಇಟ್ಟುಬಿಟ್ಟರು. ಒಂದು ವಾರ ಕೋಟು ಹಾಕಿಕೊಂಡು ಮಲಗಿದೆ. ಆಮೇಲೆ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ ಕಲಿತೆ. ಪರೀಕ್ಷೆಯಲ್ಲಿ ಇದು ಬಂದಾಗ ಖುಷಿಯಾಯಿತು, ಇದು ನನಗೆ ಗೊತ್ತು ಅಂತ. ಅವಳು ಯೆಸ್ ಅಂದಳು, ಅಂದರೆ ಸಹಿ ಸಿಕ್ಕಿದೆ. ನಾನು ತಪ್ಪಿದ್ದೆಲ್ಲಿ? ಅದೊಂದು ಹೇಳಿ. ಬೇರೆ ಏನೂ ಬೇಡ.”

ನಿಜವಾಗಿ ಇಂಗ್ಲಿಷ್ ಕಲಿತವಳು ಇವಳೊಬ್ಬಳು. ಅವಳನ್ನೇ ತಾನು ತಪ್ಪೆಂದು ನಪಾಸು ಮಾಡಿದ್ದೇನೆ ಎಂಬುದು ಹಾಗಲಕಾಯಿ ಹಿಡಿದು ನಿಂತಲ್ಲೇ ಪಂಕಜಾಳಿಗೆ ಪೂರಾ ತಿಳಿಯಿತು. ಪ್ರಶ್ನೆಯ ಗುಟ್ಟು ಹೊರಗೆ ಆಡಿದರೆ ಕೆಲಸ ಹೋಗುತ್ತದೆ ಎಂಬುದೂ ಜೊತೆಗೇ ನೆನಪಾಯಿತು. ಕೆಲಸದ ಹಿಂದೆ ಬಾಟಲಿ ನೆನಪಾಯಿತು.

“ನನಗೆ ಆ ಪ್ರಶ್ನೆ ನೆನಪಿಲ್ಲಮ್ಮ,” ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಗೆ ಬಂದಳು. ಕಾರಿನಲ್ಲಿ ಕೂತ ಮೇಲೆಯೇ ಗೊತ್ತಾದದ್ದು, ಹಾಗಲಕಾಯಿ ಅಲ್ಲೇ ಬಿಟ್ಟು ಬಂದಿದ್ದಳು.

ಗಂಡನಿಗೆ ಎಲ್ಲ ಹೇಳಿದಳು. ದಿವಾಕರ ಮೊದಲು ನಕ್ಕ. “ಜೈಲಿಗೆ ಹೋಗಿಬಂದವನ ಹೆಂಡತಿ ಕಣೇ ನೀನು!” ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. “ನಿಮ್ಮ ಹೆಡ್ ರೇಣು ಹತ್ರ ಹೋಗಿ ಹೇಳ್ಬಿಡು.”

“ಹೇಳಿದ್ರ ನನ್ನ ಇಟ್ಕೋತಾರೇನ್ರಿ? ನಿಮ್ಮ ಬಾಟ್ಲಿ?”

“ನನ್ನ ಬಾಟ್ಲಿಗೆ ಆ ಹುಡುಗೀನ ಯಾಕೆ ಸೇರಿಸ್ತೀಯ?”

ಒಂದು ದಿನ ಹೋಯಿತು, ಎರಡು ಹೋಯಿತು. ದಿವಾಕರ ದಿನವೂ ಕೇಳುವವನು, “ಇವತ್ತೂ ಹೇಳಿಲ್ವಾ?” ಅವಳು, “ಹೌದು.” ಕ್ಲಾಸೆಟ್ಟಿನ ಬಾಗಿಲು ಮುಚ್ಚಿಕೊಂಡು ರೆಕಾರ್ಡಿಂಗಿಗೆ ಕೂತರೆ ‘ಯೆಸ್’ ಎಂಬ ಪದ ಬಂದಲ್ಲೆಲ್ಲ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಕಿಟಕಿಯಿಂದ ನೋಡಿದರೆ ಬಸ್‌ಸ್ಟಾಪಿನಲ್ಲಿ ಮಿನ್ ಹಿಮ ಬೀಳುವಾಗಲೂ ನಿಂತಿರುತ್ತಿದ್ದಳು. ಮೊದಲು ಗೆಳತಿಯರ ಜೊತೆ ಮಾತಾಡುತ್ತ ನಿಲ್ಲುತ್ತಿದ್ದವಳು ಈಗ ಯಾರು ಏನು ಕೇಳಿದರೂ ಒಂದು ಗಳಿಗೆ ತಡೆದು, ಮಾತನ್ನು ಬಾಯೊಳಗೇ ತಿರುಗಿಸಿ ನೋಡಿ, ಕೊನೆಗೆ ಬರೀ ಭುಜ ಕುಣಿಸುವುದು ಕಾಣುತ್ತಿತ್ತು. ಅದನ್ನು ಕಂಡ ಮೇಲೆ ಪಂಕಜಾಳಿಗೆ ಅನ್ನ ಸೇರಲಿಲ್ಲ.

ಎಂಟನೆಯ ದಿನ, ಹದಿನಾಲ್ಕರ ಗುರುವಾರ, ಅವಳು ರೇಣುವಿನ ಕೋಣೆಗೆ ಹೋದಳು. ರೇಣು ವಿಭಾಗದ ಮುಖ್ಯಸ್ಥೆ, ಎಡಿಸನ್ನಿನಲ್ಲಿ ಹುಟ್ಟಿ ಬೆಳೆದ ಬೆಂಗಳೂರು ಮನೆತನದ ಹುಡುಗಿ. ಕನ್ನಡ ಪೂರಾ ತಿಳಿಯುತ್ತದೆ, ಬಾಯಿಗೆ ಅರ್ಧ ಬರುತ್ತದೆ. ಪಂಕಜಾ ಏನನ್ನೂ ವಿವರಿಸಲಿಲ್ಲ. ಮೂವತ್ತೊಂದನೆಯ ಪ್ರಶ್ನೆಯನ್ನು ಕೇಳಿಸಿ, “ಉತ್ತರ ಹೇಳು,” ಎಂದಳು.

“ಸಹಿ ಸಿಕ್ಕಿದೆ. ಆಫೀಸಿಗೆ ಕೊಡೋಕೆ ಹೋಗ್ಬೇಕು. ಈಸಿ. ವೈ, ಆಂಟಿ?”

“ತಪ್ಪು. ನಮ್ಮ ಆನ್ಸರ್ ಕೀ ಒಳಗ ‘ಸಿಕ್ಕಿಲ್ಲ’ ಅಂತ ಅದ.”

ರೇಣು ಇನ್ನೊಮ್ಮೆ ಕೇಳಿದಳು. ಕೈ ಬಾಯಿಗೆ ಹೋಯಿತು. “ಅಯ್ಯೋ, ಆಂಟಿ.” ಲೆಕ್ಕದ ಹಾಳೆ ತೆಗೆದಳು. “ಎಂಬತ್ತೊಂದು ಪರ್ಸೆಂಟ್ ಸರಿ ಮಾಡಿದ್ದಾರೆ. ನಂಬರ್ಸ್ ನೋಡಿದ್ರೆ ಇದೇ ನಮ್ಮ ಬೆಸ್ಟ್ ಕ್ವೆಶ್ಚನ್!”

“ನಂಬರಿಗೆ ಕಿವಿ ಅದ ಏನವ್ವ? ಎಲ್ಲಾರಿಗೂ ಆ ಒಂದು ಮಾರ್ಕ್ ಕೊಟ್ಟಬಿಡು. ಯಾರಿಗೂ ಕಳಿಯೂದು ಬ್ಯಾಡ. ನಾಳೆ ಒಳಗ.”

ನಾಳೆ ಸಾಧ್ಯವಿರಲಿಲ್ಲ. ಪಂಕಜಾ ತಪ್ಪು ತನ್ನದೆಂದು ಬರೆದುಕೊಡಬೇಕು, ವಕೀಲರು ನೋಡಬೇಕು, ಜನವರಿ ಕೊನೆಗೆ ಸಮಿತಿ ಸೇರಬೇಕು. “ಅಲ್ಲೀತನಕ ಯಾರಿಗೂ ಹೇಳೋ ಹಾಗಿಲ್ಲ ಆಂಟಿ. ಆ ಹುಡುಗಿಗಂತೂ. ಪ್ಲೀಸ್.”

“ನಾಳೆ ಒಳಗ ಆಗೂದೇ ಇಲ್ಲೇನು?”

“ಇಲ್ಲ,” ಎಂದಳು ರೇಣು.

ಕಂಗೆಟ್ಟ ಮನಸ್ಸು ಹುಲ್ಲುಕಡ್ಡಿಯನ್ನೂ ಹಿಡಿಯುತ್ತದೆ. ‘ಆಗೂದಿಲ್ಲೇನು’ ಎಂದದ್ದಕ್ಕೆ ‘ಇಲ್ಲ’ ಎಂದರೆ, ಹಾಗೇನಿಲ್ಲ, ಆಗುತ್ತದೆ ಎಂದಲ್ಲವೆ? ಅರ್ಧ ಉಸಿರಿನಷ್ಟು ಹೊತ್ತು ಪಂಕಜಾಳ ಮುಖ ಅರಳಿತು. ಹುಡುಗಿ ಅಮೆರಿಕದವಳು, ಅವಳ ‘ಇಲ್ಲ’ ಬರೀ ‘ನೋ’ ಎಂದು ನೆನಪಾದದ್ದೇ ಮುಖ ಬಾಡಿತು.

ಅಲ್ಲೇ ಕೂತು ತಪ್ಪೊಪ್ಪಿಗೆ ಬರೆದಳು. ಒಂದು ಪ್ರತಿ ರೇಣುವಿನ ಮೇಜಿನ ಮೇಲಿಟ್ಟಳು, ಇನ್ನೊಂದನ್ನು ಕೋಟಿನ ಕಿಸೆಗೆ ಹಾಕಿಕೊಂಡಳು. ರೇಣು ಅದನ್ನು ಕಂಡಳು, ಕಂಡೂ ಕಿಟಕಿಯ ಕಡೆ ತಿರುಗಿದಳು.

ಸಂಜೆ ನಾಲ್ಕಕ್ಕೆ ಪಂಕಜಾ ಹಿಂದಿನ ಸಾಲಿಗೆ ಹೋಗಿ ಮಿನ್‌ಳ ಮನೆಯ ಬಾಗಿಲು ತಟ್ಟಿದಳು. ಗೋಡೆಯ ಮೇಲೆ ಆ ಹಾಳೆ ಇನ್ನೂ ಇತ್ತು, ಕೆಂಪು ಅಕ್ಷರದಲ್ಲಿ ‘ಯೆಸ್’, ‘ನೋ’, ಕೆಳಗೆ ಚೀನೀ ಬರಹ. ಪಂಕಜಾ ನಿಂತೇ ಹೇಳಿದಳು. ನೀನು ಸರಿ, ತಪ್ಪು ನನ್ನದು, ಈ ಕಾಗದ ತೆಗೆದುಕೊಂಡು ಈಗಲೇ ನಿನ್ನ ವಿಭಾಗಕ್ಕೆ ಹೋಗು.

ಮಿನ್ ಕಾಗದವನ್ನು ಎರಡು ಸಲ ಓದಿದಳು. “ಅಂದರೆ ನನಗೆ ಅರ್ಥವಾಗಿತ್ತು,” ಎಂದಳು ಮೆಲ್ಲಗೆ. “ನಾನು ಎಲ್ಲವನ್ನೂ ಅನುಮಾನಿಸುತ್ತಿದ್ದೆ. ಬಸ್ ಡ್ರೈವರ್ ಮಾತನ್ನೂ.” ಆಮೇಲೆ ತಲೆಯೆತ್ತಿ ಕೇಳಿದಳು, “ಆ ದಿನ ಅಂಗಡಿಯಲ್ಲಿ... ನಿಮಗೆ ಇದು ಗೊತ್ತಿರಲಿಲ್ಲವೆ?”

ಯೆಸ್ ಎನ್ನಬಹುದಿತ್ತು. ಅದರ ಅರ್ಥವನ್ನು ಹುಡುಗಿ ತನ್ನ ಭಾಷೆಯಲ್ಲಿ ಮಾಡಿಕೊಂಡರೆ ಒಂದು, ಇಂಗ್ಲಿಷಿನಲ್ಲಿ ಮಾಡಿಕೊಂಡರೆ ಇನ್ನೊಂದು. ಬಚ್ಚಿಟ್ಟುಕೊಳ್ಳಲು ಅಷ್ಟು ಒಳ್ಳೆಯ ಜಾಗ ಜಗತ್ತಿನಲ್ಲಿ ಬೇರೆ ಇರಲಿಲ್ಲ.

“ಗೊತ್ತಿತ್ತು,” ಎಂದಳು ಪಂಕಜಾ, ಪೂರ್ತಿ ವಾಕ್ಯದಲ್ಲಿ. “ಆ ದಿನ ಅಂಗಡಿಯಲ್ಲಿ, ನಿನ್ನ ಮುಂದೆ ನಿಂತಾಗಲೇ ನನಗೆ ಗೊತ್ತಿತ್ತು.”

ಮಿನ್ ಕಾಗದ ಮಡಿಚಿಕೊಂಡಳು. ಕೋಟು ಹಾಕಿಕೊಂಡು, ಅವಳನ್ನು ದಾಟಿ, ಬಸ್‌ಸ್ಟಾಪಿನ ಕಡೆಗೆ ಓಡಿದಳು.

ಕಾಗದ ನಡೆಯಲಿಲ್ಲ. ಸಮಿತಿಯ ಮುದ್ರೆಯಿಲ್ಲದ ಖಾಸಗಿ ಪತ್ರ ನಮಗೆ ಬೇಡ ಎಂದರು ಅವಳ ವಿಭಾಗದವರು. ಎಂಟು ದಿನ ಮೊದಲು ಬಂದಿದ್ದರೆ ವಿಶೇಷ ಅರ್ಜಿ ಹಾಕಬಹುದಿತ್ತು ಎಂದೂ ಹೇಳಿದರಂತೆ. ಆ ಮಾತು ಸುತ್ತಿ ಬಳಸಿ ಪಂಕಜಾಳ ಕಿವಿಗೆ ಬಿತ್ತು, ಬಿದ್ದದ್ದು ಅಲ್ಲೇ ಉಳಿಯಿತು. ಜನವರಿಯಲ್ಲಿ ಹಿಂದಿನ ಸಾಲಿನ ಆ ಮನೆಗೆ ಬೇರೆ ಯಾರೋ ಬಂದರು. ಸಮಿತಿ ಎಲ್ಲರಿಗೂ ಒಂದು ಅಂಕ ಕೊಟ್ಟಿತು. ಮಿನ್ ನಲವತ್ತೆಂಟು ಮುಟ್ಟಿ ಪರೀಕ್ಷೆ ದಾಟಿದಳು. ದಾಟಿದ ಸುದ್ದಿ ಹೊತ್ತ ಪತ್ರ ಅವಳ ಹಳೆಯ ವಿಳಾಸಕ್ಕೆ ಬಂದು, ಮರಳಿ ಹೋಯಿತು.

ಪ್ರಶ್ನೆಯ ಗುಟ್ಟನ್ನು ಪರೀಕ್ಷೆ ಬರೆದವಳಿಗೇ ಹೇಳಿದ್ದಕ್ಕೆ ಪಂಕಜಾಳ ಕೆಲಸ ಹೋಯಿತು. ಆ ತಿಂಗಳ ಕೊನೆಗೆ ಇನ್ಶೂರೆನ್ಸ್ ನಿಂತಿತು. ಇನ್ನೊಂದನ್ನು ಹಿಡಿಯುವಷ್ಟರಲ್ಲಿ ಎರಡು ಬಾಟಲಿ ತಪ್ಪಿದವು. ದಿವಾಕರನ ಕಾಯಿಲೆ ಹೆಚ್ಚಿತು. ಅದರಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ಅದರಿಂದಲ್ಲ ಎಂದೂ ಹೇಳಲಿಲ್ಲ. ಕೊನೆಯ ವಾರ ಅವಳು ಹಾಸಿಗೆಯ ಅಂಚಿಗೆ ಕೂತು, “ನಾ ತಪ್ಪು ಮಾಡ್ಲಿಲ್ಲೇನ್ರಿ?” ಎಂದಳು.

“ಹೂಂ,” ಎಂದ ದಿವಾಕರ, ಕಣ್ಣು ಮುಚ್ಚಿಕೊಂಡೇ.

“ಯಾವ ಭಾಷಾದಾಗ ಅಂದ್ರಿ?”

ಅವನ ತುಟಿಯ ಮೂಲೆಯಲ್ಲಿ ನಗು ಬಂತು. ಏಪ್ರಿಲಿನಲ್ಲಿ ಅವನು ಹೋದ.

ಮೇ ಕೊನೆಗೆ ಕೆಂಪಮ್ಮ ಬೆಲ್‌ರೋಸಿನಿಂದ ವ್ಯಾನ್ ತಂದಳು. ಅಲ್ಲಿ ಅವಳ ಅಡುಗೆಮನೆಯ ಮೇಲಿನ ಕೋಣೆ ಖಾಲಿ ಇತ್ತು. “ಏನ್ ಕಣಕ್ಕ, ಬರಾಕಿಲ್ಲ ಅಂತ ಇನ್ನೊಂದ್ ಸಲ ಅಂದ್ರೆ ಎತ್ತಾಕ್ಕೊಂಡ್ ಓಯ್ತೀನಿ. ಹೋಳಿಗೆ ತಟ್ಟಾಕೆ ಇಂಗ್ಲಿಸ್ ಬೇಕಾಗಿಲ್ಲ ಬುಡು,” ಎಂದು ಸೀರೆಗಳನ್ನು ಕಂತೆ ಕಟ್ಟಿ ಹೊತ್ತೊಯ್ದಳು. ಕ್ಲಾಸೆಟ್ಟು ಬರಿದಾಯಿತು. ಪಂಕಜಾ ಒಳಗೆ ನಿಂತು ಒಮ್ಮೆ ಕೆಮ್ಮಿ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಗೋಡೆಗಳು ಅವಳ ದನಿಯನ್ನು ಅವಳಿಗೇ ತಿರುಗಿ ಕೊಟ್ಟವು.

ಬಾಗಿಲಲ್ಲಿ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಕಾಯುತ್ತಿದ್ದ. ಬೀಗದ ಕೈ ಇಸಿದುಕೊಂಡು, ಹಾಳೆಯ ಮೇಲೆ ಗುರುತು ಹಾಕುತ್ತ ಇಂಗ್ಲಿಷಿನಲ್ಲಿ ಕೇಳಿದ, “ಒಳಗೆ ಏನನ್ನೂ ಬಿಟ್ಟಿಲ್ಲವೆ, ಮ್ಯಾಡಮ್?”

“ಯೆಸ್,” ಎಂದಳು ಪಂಕಜಾ.

ಅವನು ಹುಬ್ಬೇರಿಸಿ, ಏನು ಉಳಿದಿದೆಯೋ ನೋಡಿ ತರಲೆಂದು ಒಳಗೆ ಹೋದ. ಕೋಣೆಯಿಂದ ಕೋಣೆಗೆ ಅವನು ಹುಡುಕುವ ಹೆಜ್ಜೆ ಕೇಳಿಸುತ್ತಿತ್ತು. ಕರೆದು ತಿದ್ದಬೇಕೆಂದು ಅವಳಿಗೆ ಅನ್ನಿಸಲಿಲ್ಲ. ಸೆರಗು ಹೊದ್ದುಕೊಂಡು, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ವ್ಯಾನಿನ ಕಡೆಗೆ ನಡೆದಳು.